ಫೋನ್ ಕೈ ಬಿಡುತ್ತಿಲ್ಲವೇ? ಆಪ್ ಕಿತ್ತು ಹಾಕುವ ಮೊದಲು ದೋಷ ಹುಡುಕಿ

ಆ ದಿನ ಒಂದು ಉದ್ದ ಸ್ಕ್ರೂ ಗಿಡ್ಡ ಸ್ಕ್ರೂವಿನ ತೂತಿಗೆ ಹೋಯಿತು.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಗಿರಾಕಿಯೊಬ್ಬರ ಫೋನಿಗೆ ಹೊಸ ಡಿಸ್‌ಪ್ಲೇ ಹಾಕುತ್ತಿದ್ದೆ. ಆ ಮಾಡೆಲ್ ಬಿಚ್ಚುವ ಕ್ರಮ ಸರಿಯಾಗಿ ನೆನಪಿರಲಿಲ್ಲ. ಯೂಟ್ಯೂಬ್ ತೆರೆದೆ. ಎರಡು ನಿಮಿಷದಲ್ಲಿ ಬೇಕಾದದ್ದು ಸಿಕ್ಕಿತು. ಆದರೆ ಫೋನ್ ಕೆಳಗಿಡಲಿಲ್ಲ. ವಿಡಿಯೋದ ಕೆಳಗೆ ಒಂದು ಶಾರ್ಟ್ಸ್ ಕಂಡಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ತಲೆ ಎತ್ತಿದಾಗ ಇಪ್ಪತ್ತು ನಿಮಿಷ ಹೋಗಿತ್ತು. ಮ್ಯಾಗ್ನೆಟ್ ಹಾಳೆಯ ಮೇಲೆ ಸಾಲಾಗಿ ಇಟ್ಟಿದ್ದ ಸ್ಕ್ರೂಗಳಲ್ಲಿ ಯಾವುದು ಎಲ್ಲಿಯದು ಅನ್ನುವುದು ಮರೆತಿತ್ತು. ನೋಡಲು ಎಲ್ಲ ಒಂದೇ ಥರ, ಉದ್ದದಲ್ಲಿ ಮಾತ್ರ ಕೂದಲೆಳೆಯ ವ್ಯತ್ಯಾಸ. ಹಾಕಿ ತಿರುಗಿಸಿದೆ. ಸ್ಕ್ರೂವಿನ ತುದಿ ಬೋರ್ಡಿನೊಳಗೆ ಇಳಿದು, ಪದರದ ನಡುವೆ ಇರುವ ತಾಮ್ರದ ಗೆರೆ ಕತ್ತರಿಸಿತು. ಡಿಸ್‌ಪ್ಲೇ ಹಾಕಿಸಲು ಬಂದ ಫೋನ್ ಸತ್ತೇ ಹೋಯಿತು. ಬೋರ್ಡಿನ ದುಡ್ಡು ನಾನೇ ಕೊಟ್ಟೆ. ಆ ಗಿರಾಕಿ ಕೂಗಾಡಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ಅದು ಇನ್ನೂ ಕಣ್ಣ ಮುಂದೆ ಇದೆ.

ಬೇರೆಯವರ ಫೋನಿನಲ್ಲಿ ದೋಷ ಹುಡುಕುವ ಕ್ರಮ ನನಗೆ ಗೊತ್ತು. ನನ್ನ ಕೈಯ ದೋಷಕ್ಕೂ ಅದೇ ಕ್ರಮ ಹಚ್ಚಿ ನೋಡಿದೆ, ಕೆಲಸ ಮಾಡಿತು. ಆಮೇಲೆ ಕೇಳಿದ ಗಿರಾಕಿಗಳಿಗೂ ಹೇಳಿಕೊಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲಕ್ಷಣ

"ನನ್ನ ಗಮನ ಕೆಟ್ಟಿದೆ" ಅಂತ ಯಾರೂ ಅಂಗಡಿಗೆ ಬರುವುದಿಲ್ಲ. "ಅಣ್ಣಾರ, ಬ್ಯಾಟರಿ ಹಾಳಾಗೇತ್ರಿ, ಮಧ್ಯಾಹ್ನಕ್ಕ ಖಾಲಿ ಆಗತೈತಿ" ಅನ್ನುತ್ತಾರೆ. ಡೇಟಾ ಸಂಜೆವರೆಗೆ ಬರುವುದಿಲ್ಲ, ಫೋನ್ ಬಿಸಿಯಾಗುತ್ತದೆ, ಹ್ಯಾಂಗ್ ಆಗುತ್ತದೆ ಅನ್ನುತ್ತಾರೆ. ನಾನು ಬ್ಯಾಟರಿ ಬಿಚ್ಚುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆಯ ಪುಟ ತೆರೆದು ಅವರ ಕಡೆ ತಿರುಗಿಸುತ್ತೇನೆ. ಎಷ್ಟೋ ಸಲ ಅರ್ಧಕ್ಕಿಂತ ಜಾಸ್ತಿ ಚಾರ್ಜು ಎರಡೇ ಆಪ್‌ಗಳಿಗೆ ಹೋಗಿರುತ್ತದೆ, ಅದೂ ಸ್ಕ್ರೀನ್ ಉರಿಯುತ್ತಿದ್ದಾಗ. ಬ್ಯಾಟರಿ ಗಟ್ಟಿಮುಟ್ಟಾಗಿದೆ ಅಂತ ಹೇಳಿ ಕಳಿಸುತ್ತೇನೆ.

ಮೊದಲು ಬಿಚ್ಚಬೇಡಿ, ಅಳೆಯಿರಿ

ಬೋರ್ಡಿನಲ್ಲಿ ಶಾರ್ಟ್ ಇದ್ದಾಗ ಹೊಸಬರು ಒಂದೊಂದೇ ಐಸಿ, ಅಂದರೆ ಚಿಪ್, ಕಿತ್ತು ನೋಡುತ್ತಾರೆ. ಪಳಗಿದವರು ಮೊದಲು ಪವರ್ ಸಪ್ಲೈಗೆ ಹಚ್ಚಿ ಕರೆಂಟ್ ತೋರಿಸುವ ಮುಳ್ಳು ನೋಡುತ್ತಾರೆ. ಸ್ವಿಚ್ ಒತ್ತುವ ಮೊದಲೇ ಕರೆಂಟ್ ಎಳೆಯುತ್ತಿದೆಯಾ, ಒತ್ತಿದ ಮೇಲೆ ಎಳೆಯುತ್ತಿದೆಯಾ? ಎರಡಕ್ಕೂ ಫೋನ್ ಸತ್ತಂತೆಯೇ ಕಾಣುತ್ತದೆ. ಆದರೆ ದೋಷ ಇರುವ ಜಾಗ ಬೇರೆ.

ಫೋನ್ ಜಾಸ್ತಿ ನೋಡುವುದೂ ಹೀಗೇ. ಹೊರಗಿನಿಂದ ಒಂದೇ ರೋಗ, ಒಳಗೆ ಮೂರು ಬೇರೆ ಬೇರೆ ದೋಷ. ಫೋನ್ ನಿಮ್ಮನ್ನು ಕರೆಯುತ್ತಿರಬಹುದು. ಯಾರೂ ಕರೆಯದಿದ್ದರೂ ಕೈ ತಾನೇ ಹೋಗುತ್ತಿರಬಹುದು. ಇಲ್ಲವೇ ನಿಜವಾದ ಕೆಲಸಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತಿರಬಹುದು. ಒಂದಕ್ಕೆ ಹೇಳಿದ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಎಲ್ಲ ಆಪ್ ಡಿಲೀಟ್ ಮಾಡಿ ವಾರದೊಳಗೆ ಮತ್ತೆ ಹಾಕಿಕೊಂಡವರಿಗೆ ಮನಸ್ಸು ಗಟ್ಟಿಯಿಲ್ಲ ಅಂತ ನಾನು ಹೇಳುವುದಿಲ್ಲ. ಅವರು ತಪ್ಪು ಐಸಿ ಕಿತ್ತಿದ್ದಾರೆ, ಅಷ್ಟೇ.

ಅಳೆಯಲು ಒಂದು ಚೀಟಿ ಸಾಕು. ಎರಡು ದಿನ ಅದು ಜೇಬಿನಲ್ಲಿರಲಿ, ಜೊತೆಗೊಂದು ಪೆನ್ನು. ಫೋನ್ ಕೈಗೆ ಬಂದಾಗಲೆಲ್ಲ ಒಂದು ಗುರುತು ಹಾಕಿ. ಸದ್ದು ಮಾಡಿ ಕರೆದಿದ್ದರೆ "ಕ". ಕಾರಣವಿಲ್ಲದೆ ರೂಢಿಯಿಂದ ಎತ್ತಿದ್ದರೆ "ರೂ". ಕೆಲಸಕ್ಕೆ ಎತ್ತಿ, ಕೆಲಸ ಮುಗಿದರೂ ಕೆಳಗಿಡದಿದ್ದರೆ "ಸಿ", ಸಿಕ್ಕಿಕೊಂಡದ್ದು ಅಂತ. ಕೆಲಸ ಮುಗಿಸಿ ಕೆಳಗಿಟ್ಟಿದ್ದರೆ ಒಂದು ಚುಕ್ಕೆ. ಚುಕ್ಕೆ ದೋಷವಲ್ಲ, ಫೋನ್ ಇರುವುದೇ ಅದಕ್ಕೆ.

ಚೀಟಿ ಸುಳ್ಳು ಹೇಳುತ್ತಿದೆ ಅನಿಸಿದರೆ ಫೋನನ್ನೇ ಸಾಕ್ಷಿಗೆ ಕರೆಯಿರಿ. 2018ರಲ್ಲಿ ಆಂಡ್ರಾಯ್ಡ್‌ಗೆ ಡಿಜಿಟಲ್ ವೆಲ್‌ಬೀಯಿಂಗ್ ಬಂತು, ಐಫೋನಿಗೆ ಸ್ಕ್ರೀನ್ ಟೈಮ್ ಬಂತು. ಆಂಡ್ರಾಯ್ಡ್‌ನಲ್ಲಿ ಎಷ್ಟು ಸಲ ಅನ್‌ಲಾಕ್ ಮಾಡಿದಿರಿ, ಯಾವ ಆಪ್‌ನಿಂದ ಎಷ್ಟು ನೋಟಿಫಿಕೇಶನ್ ಬಂತು ಅನ್ನುವ ಲೆಕ್ಕ ಸಿಗುತ್ತದೆ. ಐಫೋನಿನಲ್ಲಿ ಎತ್ತಿದ ತಕ್ಷಣ ಮೊದಲು ಯಾವ ಆಪ್ ತೆರೆದಿರಿ ಅನ್ನುವುದೂ ಇರುತ್ತದೆ. ಬಹಳ ಜನ ಒಟ್ಟು ತಾಸು ಮಾತ್ರ ನೋಡಿ ಹೌಹಾರಿ ಮುಚ್ಚಿಬಿಡುತ್ತಾರೆ. ತಾಸಿನ ಲೆಕ್ಕಕ್ಕಿಂತ ಈ ಲೆಕ್ಕಗಳಲ್ಲಿ ವಿಷಯ ಜಾಸ್ತಿ ಇದೆ.

ಚೀಟಿಯಲ್ಲಿ "ಕ" ಜಾಸ್ತಿ ಇದ್ದರೆ

ಇದು ಎಲ್ಲಕ್ಕಿಂತ ಸುಲಭದ ರಿಪೇರಿ.

ನಮ್ಮ ಕಡೆ ಖಡಕ್ ರೊಟ್ಟಿ ಮಾಡಿ ಮಾರುವ ಅಕ್ಕಾರೊಬ್ಬರು ಇದ್ದಾರೆ. ಆರ್ಡರ್ ಬರುವುದು ವಾಟ್ಸಾಪ್‌ನಲ್ಲಿ. ಹಂಚಿನ ಮೇಲೆ ರೊಟ್ಟಿ ಹಾಕಿ ನೀರಿನ ಅರಿವೆ ಸವರುವಷ್ಟರಲ್ಲಿ ಫೋನ್ ಟಿಂಗ್ ಅನ್ನುತ್ತದೆ. ಕೈಯ ಹಿಟ್ಟು ಸೀರೆಗೆ ಒರೆಸಿಕೊಂಡು ನೋಡಿದರೆ ಯಾರೋ ಕಳಿಸಿದ ಶುಭೋದಯದ ಹೂವು. ಅಷ್ಟರಲ್ಲಿ ರೊಟ್ಟಿಯ ಅಂಚು ಸೀದಿರುತ್ತದೆ. "ಆರ್ಡರ್ ಬಂದಿದ್ರ ಹ್ಯಾಂಗ್ರಿ ಬಿಡೂದು?" ಅಂತ ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಅವರ ಫೋನಿನಲ್ಲಿ ನೋಟಿಫಿಕೇಶನ್ ಹಿಸ್ಟರಿ ತೆರೆದೆ. ಆಂಡ್ರಾಯ್ಡ್ 11ರಿಂದ ಇದು ಇದೆ, ನೋಟಿಫಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಆನ್ ಮಾಡಬೇಕು. ಮಾಡಿದರೆ ಹಿಂದಿನ 24 ತಾಸಿನಲ್ಲಿ ಯಾರ್ಯಾರು ಬಾಗಿಲು ಬಡಿದರು ಅನ್ನುವುದು ಸಾಲಾಗಿ ಸಿಗುತ್ತದೆ. ಮರುದಿನ ಇಬ್ಬರೂ ಕೂತು ನೋಡಿದೆವು. ಆರ್ಡರ್ ಇದ್ದದ್ದು ಮೂರು. ಉಳಿದದ್ದೆಲ್ಲ ಗುಂಪುಗಳು, ಖರೀದಿ ಆಪ್‌ಗಳ ಆಫರ್, ಸಾಲ ಬೇಕೇ ಅನ್ನುವ ಕರೆಯೋಲೆ.

ಗುಂಪುಗಳನ್ನೆಲ್ಲ "ಯಾವಾಗಲೂ" ಅನ್ನುವ ಆಯ್ಕೆ ಒತ್ತಿ ಮ್ಯೂಟ್ ಮಾಡಿದೆವು, ಆರ್ಕೈವ್‌ಗೂ ಹಾಕಿದೆವು. 2021ರಿಂದ ಆರ್ಕೈವ್‌ಗೆ ಹಾಕಿದ ಚಾಟ್ ಹೊಸ ಮೆಸೇಜ್ ಬಂದರೂ ಮೇಲೆ ಎದ್ದು ಬರುವುದಿಲ್ಲ. ರೊಟ್ಟಿ ಕೊಳ್ಳುವ ಅಂಗಡಿಯವರಿಗೆ ಮಾತ್ರ ಬೇರೆ ಸದ್ದು ಇಟ್ಟೆವು. ಆ ಸದ್ದು ಬಂದರೆ ಏಳಬೇಕು, ಇಲ್ಲದಿದ್ದರೆ ಹಂಚಿನ ಮೇಲಿನ ರೊಟ್ಟಿಯೇ ಮುಖ್ಯ.

ಒಂದು ಎಡವಟ್ಟೂ ಆಯಿತು. ಬೀಗರ ಗುಂಪು ಕೂಡ ಮ್ಯೂಟ್ ಆಗಿತ್ತು. ನಾದಿನಿಯ ಕುಬುಸದ, ಅಂದರೆ ಸೀಮಂತದ, ಕರೆಯೋಲೆ ಆ ಗುಂಪಿನಲ್ಲೇ ಬಂದು ಅಲ್ಲೇ ಉಳಿಯಿತು. ಎರಡು ದಿನ ಮಾತು ನಿಂತಿತ್ತಂತೆ. ಆದ್ದರಿಂದ ಮ್ಯೂಟ್ ಮಾಡಿದ ದಿನವೇ ಹತ್ತಿರದವರಿಗೆ ಹೇಳಿಬಿಡಿ: "ಏನರ ಮುಖ್ಯ ಇದ್ರ ಫೋನ್ ಹಚ್ಚ್ರಿ, ಮೆಸೇಜ್ ತಡ ಆಗಿ ನೋಡ್ತೀನಿ." ಈ ಒಂದು ಮಾತು ಹೇಳದೆ ಮಾಡಿದ ಮ್ಯೂಟ್ ಅರ್ಧ ಕೆಲಸ.

ಆಪ್ ಬೇಕು, ಆದರೆ ಅದರ ಗಲಾಟೆ ಬೇಡ ಅಂದರೂ ದಾರಿ ಇದೆ. ಆಂಡ್ರಾಯ್ಡ್ 8ರಿಂದ ಒಂದೇ ಆಪ್‌ನ ನೋಟಿಫಿಕೇಶನ್‌ಗಳನ್ನು ಬಗೆ ಬಗೆಯಾಗಿ ಬಿಡಿಸಿ ಇಡುವ ವ್ಯವಸ್ಥೆ ಇದೆ. ದುಡ್ಡು ಜಮಾ ಆದ ಸುದ್ದಿ ಇಟ್ಟುಕೊಂಡು ಕ್ಯಾಶ್‌ಬ್ಯಾಕ್ ಸುದ್ದಿ ಬಂದ್ ಮಾಡಬಹುದು. ಬಂದ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿದರೆ ಅಲ್ಲಿಗೇ ದಾರಿ ಸಿಗುತ್ತದೆ. ಆಂಡ್ರಾಯ್ಡ್ 13ರ ಮೇಲೆ ಹೊಸ ಆಪ್ ಹಾಕಿದಾಗ ನೋಟಿಫಿಕೇಶನ್ ಕಳಿಸಲೇ ಅಂತ ಅದು ಕೇಳಲೇಬೇಕು. ಬೇಡ ಅನ್ನಿ. ಬೇಕು ಅನಿಸಿದ ದಿನ ಆನ್ ಮಾಡಿದರಾಯಿತು.

ಇನ್ನೊಂದು ಕಳ್ಳಬಾಗಿಲು ಇದೆ. "ವೈರಸ್ ಬಂದೈತಿ, ಏನೇನೋ ಫೋಟೋ ಬರ್ತಾವು" ಅಂತ ವಯಸ್ಸಾದವರು ಬರುತ್ತಾರೆ. ವೈರಸ್ ಇರುವುದಿಲ್ಲ. ಎಂದೋ ಒಂದು ವೆಬ್‌ಸೈಟ್ ನೋಡುವಾಗ "ಅನುಮತಿಸಿ" ಒತ್ತಿರುತ್ತಾರೆ. ಆ ಸೈಟು ಕ್ರೋಮ್ ಹೆಸರಿನಲ್ಲಿ ದಿನವಿಡೀ ಸುದ್ದಿ ತಳ್ಳುತ್ತಿರುತ್ತದೆ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್ ಒಳಗೆ ನೋಟಿಫಿಕೇಶನ್‌ಗೆ ಹೋಗಿ ಗುರುತಿಲ್ಲದ ಸೈಟುಗಳನ್ನೆಲ್ಲ ಬ್ಲಾಕ್ ಮಾಡಿ. ಲಾಕ್ ಸ್ಕ್ರೀನ್‌ನಲ್ಲಿ ದಿನಕ್ಕೊಂದು ಚಿತ್ರ, ಸುದ್ದಿ, ಆಟ ಬರುತ್ತಿದ್ದರೆ ಅದನ್ನು ವಾಲ್‌ಪೇಪರ್ ಅಥವಾ ಲಾಕ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ. ಸಮಯ ನೋಡಲು ಎತ್ತಿದವರನ್ನು ಅದು ಬಾಗಿಲಲ್ಲೇ ಹಿಡಿದು ಕೂರಿಸುತ್ತದೆ.

"ರೂ" ಜಾಸ್ತಿ ಇದ್ದರೆ

ಇಲ್ಲಿ ನೋಟಿಫಿಕೇಶನ್ ಬಂದ್ ಮಾಡಿ ಏನೂ ಆಗುವುದಿಲ್ಲ. ಯಾರೂ ಕರೆದೇ ಇಲ್ಲವಲ್ಲ.

ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ಇನ್‌ಸ್ಟಾಗ್ರಾಂ ನಾಲ್ಕು ಸಲ ಡಿಲೀಟ್ ಮಾಡಿ ನಾಲ್ಕು ಸಲ ಹಾಕಿಕೊಂಡಿದ್ದ. ಅವನಿಗೆ ಒಂದು ಪರೀಕ್ಷೆ ಹೇಳಿದೆ: ಆಪ್ ಇರಲಿ, ಐಕಾನ್ ಮಾತ್ರ ಎರಡನೇ ಪುಟದ ಫೋಲ್ಡರಿಗೆ ಹಾಕು. ಅದರ ಹಳೇ ಜಾಗದಲ್ಲಿ ಕ್ಯಾಲ್ಕುಲೇಟರ್ ಇಡು. ಎರಡು ದಿನದ ಮೇಲೆ ಬಂದ. "ಅಣ್ಣಾ, ಎಷ್ಟ್ ಸಲ ಕ್ಯಾಲ್ಕುಲೇಟರ್ ತಗದೀನಿ ಅಂದ್ರ ಲೆಕ್ಕಾನ ಇಲ್ಲ." ಅವನ ಮನಸ್ಸಿಗೆ ರೀಲ್ಸ್ ಬೇಕಾಗಿರಲೇ ಇಲ್ಲ. ಹೆಬ್ಬೆರಳಿಗೆ ಆ ಜಾಗ ಪಾಠವಾಗಿತ್ತು. ಪುಟ ತಿರುವಿದಾಗ, ಕಷ್ಟದ ಲೆಕ್ಕ ಬಂದಾಗ, ನೀರು ಕುಡಿಯಲು ಎದ್ದಾಗ ಬೆರಳು ತಾನೇ ಹೋಗುತ್ತಿತ್ತು. ಇದನ್ನು ಕಣ್ಣಾರೆ ನೋಡಿದ ಮೇಲೆ ಅವನು ತನ್ನನ್ನು ತಾನು ಬೈದುಕೊಳ್ಳುವುದು ನಿಲ್ಲಿಸಿದ. ಅರ್ಧ ರಿಪೇರಿ ಅಲ್ಲೇ ಆಯಿತು ಅಂತ ನನ್ನ ನಂಬಿಕೆ.

ರೂಢಿಗೆ ಅಡ್ಡಿ ಬೇಕು, ಗೋಡೆ ಬೇಡ. ಪೂರ್ತಿ ಡಿಲೀಟ್ ಅಂದರೆ ಗೋಡೆ. ಗೋಡೆ ಕಂಡರೆ ಹಾರಬೇಕು ಅನಿಸುತ್ತದೆ. ಲಾಗೌಟ್ ಮಾಡಿ, ಪಾಸ್‌ವರ್ಡ್ ಉದ್ದವಾಗಿ ಬದಲಿಸಿ, ಮನೆಯ ಡೈರಿಯಲ್ಲಿ ಬರೆದಿಡಿ, ಫೋನಿನಲ್ಲಿ ಉಳಿಸಬೇಡಿ. ಬೆರಳಚ್ಚು ತೆಗೆದು ಆರಂಕಿಯ ಪಿನ್ ಇಡಿ. ಆ ಮೂರು ಸೆಕೆಂಡಿನಲ್ಲಿ "ಯಾಕೆ ಎತ್ತಿದೆ?" ಅನ್ನುವ ಪ್ರಶ್ನೆ ಹುಟ್ಟುತ್ತದೆ. ಸ್ಕ್ರೀನನ್ನು ಕಪ್ಪು ಬಿಳುಪು ಮಾಡುವುದು ಕೆಲವರಿಗೆ ಒಗ್ಗುತ್ತದೆ, ನನಗೆ ಒಗ್ಗಲಿಲ್ಲ. ಡಿಸ್‌ಪ್ಲೇ ಬಣ್ಣ ನೋಡುವುದೇ ನನ್ನ ಕೆಲಸ. ಆಪ್ ಟೈಮರ್ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಸಮಯ ಮುಗಿದಾಗ ಇನ್ನಷ್ಟು ಕೊಡು ಅಂತ ಒತ್ತುವುದೂ ಒಂದು ರೂಢಿಯಾಗಿಬಿಡುತ್ತದೆ.

ಹಾಸಿಗೆಯ ಹತ್ತಿರ ಫೋನ್ ಇರಲು ಅಲಾರಾಂ ಒಂದೇ ಕಾರಣವಾಗಿದ್ದರೆ ಒಂದು ಗಡಿಯಾರ ತನ್ನಿ. ಫೋನ್ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ.

"ಸಿ" ಜಾಸ್ತಿ ಇದ್ದರೆ: ಬಹಳ ಜನ ತಪ್ಪುವುದು ಇಲ್ಲೇ

ನನ್ನ ಚೀಟಿಯ ತುಂಬ ಇದ್ದದ್ದು ಇದೇ. ದುಡಿಯುವವರ ಚೀಟಿಗಳಲ್ಲಿ ನಾನು ಜಾಸ್ತಿ ಕಂಡದ್ದೂ ಇದನ್ನೇ. ಮಗಳ ಶಾಲೆಯ ಮೆಸೇಜ್ ನೋಡಲು ಹೋಗಿ ಸ್ಟೇಟಸ್ ನೋಡುತ್ತಾ ಕೂರುವುದು. ಮಾರುಕಟ್ಟೆಯ ದರ ನೋಡಲು ಹೋಗಿ ರಾಜಕೀಯದ ಜಗಳ ಓದುವುದು. ಎತ್ತಿದ ಕಾರಣ ಸಾಚಾ ಆಗಿರುವುದರಿಂದ ನಮಗೆ ನಾವೇ ತಪ್ಪು ಕಾಣುವುದಿಲ್ಲ.

ಇದಕ್ಕೊಂದು ಹಿನ್ನೆಲೆ ಇದೆ. 2020ರ ಜೂನ್ ಕೊನೆಗೆ ನಮ್ಮಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗವೂ ಭಾರತದಲ್ಲೇ ಶುರುವಾಯಿತು. ಅದಕ್ಕೂ ಮೊದಲು ಗಿಡ್ಡ ವಿಡಿಯೋ ಅಂದರೆ ಬೇರೆ ಆಪ್. ಬೇಡ ಅಂದರೆ ತೆಗೆಯಬಹುದಿತ್ತು. ಆಮೇಲೆ ಅದು ನಾವು ಕೆಲಸಕ್ಕೆ ಬಳಸುವ ಆಪ್‌ಗಳ ಒಳಗೇ ಬಂದು ಕೂತಿತು. ಈಗ ಪಾಠ ಕೇಳುವ ಆಪ್‌ನಲ್ಲೇ ಗಾಳವೂ ಇದೆ. ತೆಗೆದರೆ ಕೆಲಸ ನಿಲ್ಲುತ್ತದೆ, ಇಟ್ಟರೆ ಹೊತ್ತು ಹೋಗುತ್ತದೆ.

ಮೇಲಾಗಿ ಅದಕ್ಕೆ ತಳವೇ ಇಲ್ಲ. ಎಷ್ಟು ಸರಿಸಿದರೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದವರು ಅಝಾ ರಸ್ಕಿನ್ ಅನ್ನುವ ಡಿಸೈನರ್. ಮುಂದೆ ಅವರೇ ಅದಕ್ಕಾಗಿ ಪಶ್ಚಾತ್ತಾಪ ಪಟ್ಟರು. ಪೇಪರ್ ಓದಿದರೆ ಕೊನೆಯ ಪುಟ ಬರುತ್ತದೆ. ಚಹಾ ಕುಡಿದರೆ ಕಪ್ಪಿನ ತಳ ಕಾಣುತ್ತದೆ. ಇಲ್ಲಿ "ಸಾಕು" ಅಂತ ಹೇಳುವ ಗುರುತೇ ಇಲ್ಲ. ಹತ್ತರಲ್ಲಿ ಒಂದು ವಿಡಿಯೋ ಮಾತ್ರ ನಿಜಕ್ಕೂ ಚೆನ್ನಾಗಿರುತ್ತದೆ, ಅದು ಎಷ್ಟನೆಯದು ಅಂತ ಗೊತ್ತಿರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡದ್ದೂ ಇದನ್ನೇ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಅಂತ ಗೊತ್ತಿಲ್ಲದ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ.

ರಿಪೇರಿ ಏನು? ಕೆಲಸದ ದಾರಿ, ಗಾಳದ ದಾರಿ ಬೇರೆ ಮಾಡುವುದು.

ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಆಫ್ ಮಾಡಿ, ಹಳೆಯದನ್ನೂ ಅಳಿಸಿ. 2023ರ ಆಗಸ್ಟ್‌ನಿಂದ ಹೀಗೆ ಮಾಡಿದವರಿಗೆ ಹೋಮ್ ಪುಟ ಖಾಲಿ ಬರುತ್ತದೆ, ಹುಡುಕುವ ಪೆಟ್ಟಿಗೆ ಮಾತ್ರ ಉಳಿಯುತ್ತದೆ. ಆಟೋಪ್ಲೇ ಕೂಡ ಆಫ್ ಇರಲಿ. ಬೇಕಾದದ್ದು ಬರೆದು ಹುಡುಕಿ, ನೋಡಿ, ಹೊರಗೆ ಬನ್ನಿ. ಮೊದಲ ದಿನ ಆ ಬಿಳಿ ಪುಟ ನೋಡಿ ನನಗೆ ಸಂತೆ ಮುಗಿದ ಬಯಲಲ್ಲಿ ನಿಂತ ಹಾಗೆ ಅನಿಸಿತು. ಒಂದು ವಾರದಲ್ಲಿ ಅದೇ ಹಿತವಾಯಿತು.

ವಾಟ್ಸಾಪ್‌ನಲ್ಲಿ ದಿನಾ ಬೇಕಾದ ಚಾಟ್ ಒಂದೋ ಎರಡೋ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಆ ಚಾಟ್‌ಗೆ ನೇರ ಶಾರ್ಟ್‌ಕಟ್ ಮಾಡಿ ಹೋಮ್ ಸ್ಕ್ರೀನ್‌ಗೆ ಹಾಕಿಕೊಳ್ಳಬಹುದು. ವಾಟ್ಸಾಪ್ ಐಕಾನ್ ಒಳಗೆ ಹೋಗಲಿ, ಶಾಲೆಯ ಗುಂಪು ಮಾತ್ರ ಹೊರಗಿರಲಿ. ಸ್ಟೇಟಸ್ ಸಾಲು ಕಣ್ಣಿಗೇ ಬೀಳದಿದ್ದರೆ ನೋಡಬೇಕು ಅನಿಸುವುದೂ ಕಡಿಮೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ವ್ಯಾಪಾರಕ್ಕೆ ಬೇಕು ಅನ್ನುವವರಿದ್ದಾರೆ. ನಮ್ಮ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆಯ ಫೋಟೋ ಹಾಕಿ ಗಿರಾಕಿ ಹಿಡಿಯುವವರಿಗೆ ಅದು ಅಂಗಡಿಯ ಬಾಗಿಲೇ ಸರಿ. ಅವರಿಗೆ ಆಪ್ ಬದಲು ಬ್ರೌಸರ್‌ನಲ್ಲಿ ತೆರೆಯಲು ಹೇಳುತ್ತೇನೆ. ಸ್ವಲ್ಪ ನಿಧಾನ, ಸ್ವಲ್ಪ ಕಿರಿಕಿರಿ. ನಮಗೆ ಬೇಕಾಗಿರುವುದೂ ಅದೇ ಅಲ್ವಾ?

ಅಂಗಡಿಯಲ್ಲಿ ನಾನು ಮಾಡಿಕೊಂಡದ್ದು ಇನ್ನೂ ಸರಳ. ಒಂದು ಹಳೇ ಟ್ಯಾಬ್‌ಗೆ ಬೋರ್ಡಿನ ನಕ್ಷೆಗಳ ಪಿಡಿಎಫ್ ತುಂಬಿ, ಸಿಮ್ ಇಲ್ಲದೆ, ಬೇರೆ ಆಪ್ ಇಲ್ಲದೆ ಮೇಜಿನ ಮೇಲೆ ಇಟ್ಟಿದ್ದೇನೆ. ನನ್ನ ಫೋನ್ ಗಲ್ಲಾದಲ್ಲಿ ಇರುತ್ತದೆ, ಕರೆಯ ಸದ್ದು ಮಾತ್ರ ಆನ್. ಸ್ಕ್ರೂ ಬಿಚ್ಚಿದ ಮೇಲೆ ಮತ್ತೆ ಹಾಕುವವರೆಗೆ ಗಲ್ಲಾ ತೆರೆಯುವುದಿಲ್ಲ.

ಇನ್ನು ಆಪ್ ತೆಗೆಯಿರಿ

ದೋಷ ಗೊತ್ತಾದ ಮೇಲೆ ತೆಗೆಯುವುದು ಹಗುರ. ಮೂರು ತಿಂಗಳಿಂದ ತೆರೆಯದ್ದು ಹೋಗಲಿ. ಒಂದೇ ಕೆಲಸಕ್ಕೆ ಎರಡು ಮೂರು ಇದ್ದರೆ ಒಂದು ಉಳಿಯಲಿ. ಹೆಸ್ಕಾಂ ಕರೆಂಟ್ ಬಿಲ್ಲು ನಿಮ್ಮ ಯುಪಿಐ ಆಪ್‌ನಲ್ಲೇ ಕಟ್ಟಬಹುದು. ಹೊಲದ ಉತಾರ (ಪಹಣಿ) ಸರ್ಕಾರದ "ಭೂಮಿ" ವೆಬ್‌ಸೈಟಿನಲ್ಲಿ ಸಿಗುತ್ತದೆ. ಬಸ್ ಟಿಕೆಟ್ ಬ್ರೌಸರ್‌ನಲ್ಲೇ ಆಗುತ್ತದೆ. ವರ್ಷಕ್ಕೆ ಎರಡು ಸಲ ಬೇಕಾಗುವುದಕ್ಕೆ ಆಪ್ ಯಾಕೆ? ಕಂಪನಿಯಿಂದಲೇ ಬಂದ ಆಪ್ ತೆಗೆಯಲು ಬರದಿದ್ದರೆ ಡಿಸೇಬಲ್ ಮಾಡಿ.

ಎರಡು ಎಚ್ಚರಿಕೆ. ಆಪ್ ತೆಗೆದರೆ ಖಾತೆ ಹೋಗುವುದಿಲ್ಲ. ತಿಂಗಳು ತಿಂಗಳು ದುಡ್ಡು ಕಡಿತವಾಗುವ ಚಂದಾ ಇದ್ದರೆ ಮೊದಲು ಅದನ್ನು ರದ್ದು ಮಾಡಿ, ಯುಪಿಐ ಆಟೋಪೇ ಪಟ್ಟಿಯನ್ನೂ ನೋಡಿ. ಹಾಗೆಯೇ ಓಟಿಪಿ ಕೋಡ್ ಕೊಡುವ ಅಥೆಂಟಿಕೇಟರ್ ಥರದ ಆಪ್‌ಗಳನ್ನು ಬ್ಯಾಕಪ್ ಇಲ್ಲದೆ ಮುಟ್ಟಬೇಡಿ. ಬಾಗಿಲು ಹಾಕಿಕೊಂಡು ಕೀಲಿ ಒಳಗೆ ಬಿಟ್ಟ ಹಾಗಾಗುತ್ತದೆ.

ಮನೆಯಲ್ಲಿ ಎಲ್ಲರ ಕೈಯಲ್ಲೂ ಇದ್ದರೆ

ಒಬ್ಬರ ಫೋನ್ ಸರಿ ಮಾಡಿ ಸಾಲದು. ಎದುರಿಗೆ ಕೂತವರು ಎತ್ತಿದರೆ ನಮ್ಮ ಕೈಯೂ ಎತ್ತುತ್ತದೆ. ಬೆಳಗಾವಿಯ ಹತ್ತಿರದ ಹಲಗಾ ಊರಿನವರು 2024ರ ಡಿಸೆಂಬರ್‌ನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಸಂಜೆ 7ಕ್ಕೆ ಸೈರನ್ ಆದರೆ 9ರವರೆಗೆ ಟಿವಿ, ಮೊಬೈಲ್ ಬಂದ್, ಮಕ್ಕಳು ಓದಿಗೆ ಕೂರಬೇಕು ಅಂತ ಮಾಡಿದರು. ಪಕ್ಕದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಲ್ಲೇ ಇಂಥದ್ದು ಶುರುವಾಗಿತ್ತು. ನಮ್ಮ ಮನೆಯಲ್ಲಿ ಸೈರನ್ ಇಲ್ಲ. ಊಟದ ಹೊತ್ತಿಗೆ ಎಲ್ಲರ ಫೋನ್ ಜೋಳದ ಡಬ್ಬಿಯ ಮೇಲೆ ಸಾಲಾಗಿ ಕೂರುತ್ತವೆ, ನನ್ನದೇ ಮೊದಲು. ದೊಡ್ಡವರು ಇಡದೆ ಮಕ್ಕಳಿಗೆ ಇಡು ಅಂದರೆ ನಡೆಯುವುದಿಲ್ಲ.

ಅಂಗಡಿಯಲ್ಲಿ ಆಗದ ರಿಪೇರಿ

ನಿದ್ದೆ ಪೂರ್ತಿ ಕೆಟ್ಟಿದ್ದರೆ, ಫೋನ್ ಕಸಿದರೆ ಮಗು ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದರೆ, ದುಡ್ಡಿನ ಆಟಕ್ಕೆ ಸಾಲ ಆಗಿದ್ದರೆ, ಇದು ಸೆಟ್ಟಿಂಗ್ಸ್‌ನ ವಿಷಯ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ. ನಾಚಿಕೊಳ್ಳುವ ಮಾತೇ ಇಲ್ಲ.

ಮರುಪರೀಕ್ಷೆ

ರಿಪೇರಿ ಆದ ಫೋನನ್ನು ನಾನು ಕೂಡಲೇ ಕೊಡುವುದಿಲ್ಲ, ಒಂದು ರಾತ್ರಿ ಇಟ್ಟು ನೋಡುತ್ತೇನೆ. ನೀವೂ ಹದಿನೈದು ದಿನ ಬಿಟ್ಟು ಮತ್ತೆ ಎರಡು ದಿನ ಚೀಟಿ ಇಡಿ. ಒಂದು ದೋಷ ಹೋದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕಾಣಬಹುದು. ರೊಟ್ಟಿ ಅಕ್ಕಾರ ಎರಡನೇ ಚೀಟಿಯಲ್ಲಿ "ಕ" ಬೆರಳೆಣಿಕೆಗೆ ಇಳಿದಿತ್ತು, ಆದರೆ ಮಧ್ಯಾಹ್ನದ ಬಿಡುವಿನಲ್ಲಿ ನಾಲ್ಕೈದು "ರೂ" ಹೊಸದಾಗಿ ಬಂದಿದ್ದವು. "ಇವೂ ತಗೀಬೇಕೇನ್ರಿ?" ಅಂದರು. ರೊಟ್ಟಿ ಬಡಿದು ಬಡಿದು ಸೋತ ಕೈ, ಸ್ವಲ್ಪ ಹೊತ್ತು ಹಾಡು ಕೇಳುತ್ತಾರೆ. ಆ "ರೂ" ಹೊಡೆದು ಹಾಕಿ ಅದರ ಜಾಗದಲ್ಲಿ ಚುಕ್ಕೆ ಇಟ್ಟು ಕೊಟ್ಟೆ.